ಮುಂಬಯಿಯಿಂದ ಹೊರದೇಶಕ್ಕೆ: ಕೈಗೆಟುಕುವ, ಸುರಕ್ಷಿತ ಊರನ್ನು ಆರಿಸುವುದು ಹೇಗೆ?

ಮಾಟುಂಗಾ, ಡೊಂಬಿವಲಿ, ಮೀರಾ ರೋಡ್ ಕಡೆ ನಮ್ಮವರು ನಾಲ್ಕು ಜನ ಸೇರಿದರೆ, ಅದರಲ್ಲೂ ಅರವತ್ತು ದಾಟಿದವರಿದ್ದರೆ, ಈಗೀಗ ಈ ಮಾತು ಬಂದೇ ಬರುತ್ತದೆ. ಮಕ್ಕಳು ದೂರದಲ್ಲಿದ್ದಾರೆ, ಊರಿನ ಹಳೇ ಮನೆ ಭಾಗವಾಗಿ ಹೋಗಿದೆ, ಫ್ಲಾಟಿನಲ್ಲಿ ಇಬ್ಬರೇ. ವರ್ಷಕ್ಕೆ ಕೆಲವು ತಿಂಗಳು ಥಾಯ್ಲೆಂಡಿನಲ್ಲೋ ಶ್ರೀಲಂಕಾದಲ್ಲೋ ಯಾಕೆ ಇರಬಾರದು? ಅಲ್ಲಿ ಬಾಡಿಗೆ ನಮ್ಮ ಠಾಣೆಗಿಂತ ಕಡಿಮೆಯಂತೆ! ನನಗೂ ಇದು ಒಳ್ಳೆಯ ಯೋಚನೆ ಅಂತಲೇ ಅನಿಸುತ್ತದೆ. ಆದರೆ ಹೆಚ್ಚಿನವರು ಲೆಕ್ಕವನ್ನು ಬಾಡಿಗೆಯಿಂದ ಶುರುಮಾಡಿ ಅಲ್ಲೇ ಮುಗಿಸುತ್ತಾರೆ. ವೀಸಾ, ಆಸ್ಪತ್ರೆ, ಹಿಂದಿರುಗುವ ದಾರಿ ಈ ಮೂರನ್ನೂ ಕೂಡಿಸಿದ ಮೇಲೆ ಬರುವ ಮೊತ್ತವೇ ನಿಜವಾದ ಖರ್ಚು. ಆ ಮೂರನ್ನು ಮುಂದಿಟ್ಟುಕೊಂಡು, ಯಾವ ಕ್ರಮದಲ್ಲಿ ಆರಿಸಬೇಕು ಎಂದು ಇಲ್ಲಿ ಹೇಳುತ್ತೇನೆ.

ಮೊದಲ ಹೆಜ್ಜೆ: ನಕ್ಷೆ ಮಡಚಿಡಿ, ಮನೆಯ ಲೆಕ್ಕ ಬರೆಯಿರಿ

ಒಂದು ಹಾಳೆಯಲ್ಲಿ ತಿಂಗಳಿಗೆ ಖಂಡಿತ ಬರುವ ಹಣವನ್ನಷ್ಟೇ ಬರೆಯಿರಿ: ಪೆನ್ಷನ್, ಬ್ಯಾಂಕ್ ಬಡ್ಡಿ, ಬಾಡಿಗೆ ಇದ್ದರೆ ಬಾಡಿಗೆ. ಷೇರಿನ ಲಾಭ ಬೇಡ. ಅದರ ಕೆಳಗೆ, ನೀವು ಹೊರಗಿದ್ದರೂ ಮುಂಬಯಿಯಲ್ಲಿ ನಿಲ್ಲದ ಖರ್ಚುಗಳು ಬರಲಿ. ಸೊಸೈಟಿಯ ಮೇಂಟೆನೆನ್ಸ್, ಆಸ್ತಿ ತೆರಿಗೆ, ಆರೋಗ್ಯ ವಿಮೆಯ ಪ್ರೀಮಿಯಂ, ಊರಿನ ದೈವ ದೇವರ ಕಾರ್ಯಕ್ಕೆ ಕೊಡುವ ಪಾಲು, ಮದುವೆ ಮುಂಜಿಯ ಓಡಾಟ. ಇವನ್ನು ಕಳೆದ ಮೇಲೆ ಉಳಿದದ್ದರ ಮುಕ್ಕಾಲು ಪಾಲು ಮಾತ್ರ ಹೊರದೇಶದ ಬಜೆಟ್. ಉಳಿದ ಕಾಲು ಪಾಲು ರೂಪಾಯಿ ಕುಸಿದರೆ, ಹಲ್ಲು ನೋವು ಬಂದರೆ, ಅವಸರದಲ್ಲಿ ಟಿಕೆಟ್ ತೆಗೆಯಬೇಕಾದರೆ ಇರಲಿ.

ಇನ್ನೊಂದು ಹಾಳೆ ದೇಹದ ಲೆಕ್ಕಕ್ಕೆ. ಇಬ್ಬರೂ ದಿನಾ ತೆಗೆದುಕೊಳ್ಳುವ ಔಷಧಿಗಳನ್ನು ಬ್ರಾಂಡ್ ಹೆಸರಿನ ಬದಲು ಒಳಗಿರುವ ಔಷಧದ ಹೆಸರಿನಲ್ಲಿ ಬರೆಯಿರಿ. ಮಂಡಿ ನೋವಿದ್ದರೆ ಎಷ್ಟು ಮೆಟ್ಟಿಲು ಹತ್ತಬಲ್ಲಿರಿ? ಉಬ್ಬಸ ಇದ್ದರೆ ಹೊಗೆ ತಡೆಯುತ್ತದೆಯೇ? ಮಾಂಸ, ಮೀನು ಮುಟ್ಟದವರಾದರೆ ಅದನ್ನೂ ಇಲ್ಲೇ ಬರೆಯಿರಿ. ಮುಂದೆ ಊರು ಆರಿಸುವಾಗ ಅರ್ಧ ಪಟ್ಟಿಯನ್ನು ಈ ಹಾಳೆಯೇ ಹೊಡೆದು ಹಾಕುತ್ತದೆ.

ಎರಡನೇ ಹೆಜ್ಜೆ: ಬಾಡಿಗೆಗಿಂತ ಮೊದಲು ವೀಸಾದ ಬೆಲೆ ಕೇಳಿ

ಹೆಚ್ಚಿನವರು ಎಡವುವುದು ಇಲ್ಲಿ. ಊರು ಅಗ್ಗ ಇರಬಹುದು, ಆದರೆ ಅಲ್ಲಿ ಕಾಯಂ ಉಳಿಯುವ ಹಕ್ಕು ಅಗ್ಗವಲ್ಲ.

ಥಾಯ್ಲೆಂಡನ್ನೇ ನೋಡಿ. 50 ವರ್ಷ ದಾಟಿದವರಿಗೆ ನಿವೃತ್ತಿ ವೀಸಾ ಇದೆ. ಆದರೆ ಬ್ಯಾಂಕಿನಲ್ಲಿ 8 ಲಕ್ಷ ಬಾತ್ ಇರಬೇಕು, ಇಲ್ಲವೇ ತಿಂಗಳಿಗೆ 65,000 ಬಾತ್ ಆದಾಯ ತೋರಿಸಬೇಕು. ರೂಪಾಯಿ ಲೆಕ್ಕದಲ್ಲಿ ಠೇವಣಿ ಇಪ್ಪತ್ತು ಲಕ್ಷ ದಾಟುತ್ತದೆ, ಆದಾಯ ತಿಂಗಳಿಗೆ ಒಂದೂವರೆ ಲಕ್ಷಕ್ಕೂ ಮೇಲೆ ಹೋಗುತ್ತದೆ. ಭಾರತದಿಂದಲೇ ಅರ್ಜಿ ಹಾಕುವ ಬಗೆಯ ವೀಸಾಕ್ಕೆ ಆರೋಗ್ಯ ವಿಮೆಯೂ ಕಡ್ಡಾಯ. ಉಳಿದುಕೊಂಡ ಮೇಲೆ 90 ದಿನಕ್ಕೊಮ್ಮೆ ವಲಸೆ ಇಲಾಖೆಗೆ ವಿಳಾಸ ವರದಿ ಮಾಡುತ್ತಿರಬೇಕು. ಸಾಧಾರಣ ಬ್ಯಾಂಕ್ ಪೆನ್ಷನ್ ಬರುವ ದಂಪತಿಗೆ ಇದು ಭಾರವೇ.

ಮಲೇಷ್ಯಾದಲ್ಲಿ ‘ಮಲೇಷ್ಯಾ ಮೈ ಸೆಕೆಂಡ್ ಹೋಮ್’ ಎಂಬ ಯೋಜನೆ ಹಲವು ವರ್ಷಗಳಿಂದ ಇದೆ. 2024ರಲ್ಲಿ ಅದನ್ನು ದರ್ಜೆಗಳಾಗಿ ವಿಂಗಡಿಸಿದರು. ಬೆಳ್ಳಿ ದರ್ಜೆಗೇ 1,50,000 ಡಾಲರ್ ಠೇವಣಿ ಬೇಕು, ಅಂದರೆ ಒಂದು ಕೋಟಿ ರೂಪಾಯಿಗೂ ಮೇಲೆ. ಅದರ ಜೊತೆಗೆ ಅಲ್ಲಿ ಮನೆ ಕೊಳ್ಳುವ ಷರತ್ತು. ಮಾರಿಷಸ್‌ನಲ್ಲಿ 50 ದಾಟಿದ ನಿವೃತ್ತರಿಗೆ ಪರವಾನಗಿ ಸಿಗುತ್ತದೆ, ಆದರೆ ಪ್ರತಿ ತಿಂಗಳು ನಿಗದಿತ ಮೊತ್ತದ ಡಾಲರನ್ನು ಅಲ್ಲಿನ ಬ್ಯಾಂಕಿಗೆ ತರಿಸಬೇಕು. ಶ್ರೀಲಂಕಾದಲ್ಲಿ 55 ದಾಟಿದವರಿಗೆ ಠೇವಣಿ, ಮಾಸಿಕ ರವಾನೆಯ ಷರತ್ತಿನ ವಾಸದ ವೀಸಾ ಇದೆ. ವಿಯೆಟ್ನಾಂನಲ್ಲಿ ನಿವೃತ್ತಿ ವೀಸಾ ಎಂಬುದೇ ಇಲ್ಲ. ಆದರೆ 2023ರ ಆಗಸ್ಟ್‌ನಿಂದ ಇ-ವೀಸಾದ ಅವಧಿ 90 ದಿನಕ್ಕೆ ಏರಿದೆ. ಭೂತಾನ್ ಶಾಂತ, ಸುರಕ್ಷಿತ, ನಮಗೆ ವೀಸಾ ಬೇಡ. ಆದರೆ ಭಾರತೀಯರು ಒಬ್ಬೊಬ್ಬರೂ ರಾತ್ರಿಗೆ 1,200 ರೂಪಾಯಿ ಸುಸ್ಥಿರ ಅಭಿವೃದ್ಧಿ ಶುಲ್ಕ ಕಟ್ಟಬೇಕು. ಇಬ್ಬರಿಗೆ ತಿಂಗಳಿಗೆ 72,000 ರೂಪಾಯಿ, ಊಟ ವಸತಿ ಬೇರೆ. ಒಂದು ವಾರಕ್ಕೆ ಹೋಗಿಬನ್ನಿ, ತಿಂಗಳುಗಟ್ಟಲೆ ಇರಲು ಅಲ್ಲ.

ನೇಪಾಳದ ಮಾತೇ ಬೇರೆ. ಎರಡೂ ದೇಶಗಳ ನಡುವಿನ 1950ರ ಒಪ್ಪಂದದಿಂದಾಗಿ ವೀಸಾ ಇಲ್ಲ, ಇಷ್ಟೇ ದಿನ ಎಂಬ ಪ್ರವಾಸಿ ಮಿತಿಯೂ ನಮಗಿಲ್ಲ. ಮತದಾರರ ಗುರುತಿನ ಚೀಟಿ ಇದ್ದರೂ ಸಾಕು. ನಮ್ಮ 100 ರೂಪಾಯಿಗೆ ಅವರ 160 ಎಂಬ ದರ ಸ್ಥಿರವಾಗಿದೆ, ಹಾಗಾಗಿ ವಿನಿಮಯದ ಚಿಂತೆಯೂ ಇಲ್ಲ. ಪಶುಪತಿನಾಥ ದೇಗುಲದ ಮುಖ್ಯ ಪೂಜೆ ಪರಂಪರೆಯಿಂದ ಕರ್ನಾಟಕ ಮೂಲದ ಭಟ್ಟರದ್ದು. ಮೊದಲ ಸಲ ದೀರ್ಘ ಕಾಲ ಹೊರಗಿರಲು ಹೊರಟವರಿಗೆ ನಾನು ಪೋಖರಾ ಊರನ್ನೇ ಹೇಳುತ್ತೇನೆ.

ಇದೆಲ್ಲ ನೋಡಿದ ಮೇಲೆ ನನ್ನ ಅಭಿಪ್ರಾಯ ಇಷ್ಟು: ಮುಂಬಯಿಯ ಮಧ್ಯಮ ವರ್ಗದ ನಿವೃತ್ತರಲ್ಲಿ ಹೆಚ್ಚಿನವರಿಗೆ ಕಾಯಂ ವಲಸೆಗಿಂತ ಋತುವಾಸ ಒಳ್ಳೆಯದು. ವರ್ಷಕ್ಕೆ ಎರಡು ಮೂರು ತಿಂಗಳು, ಪ್ರವಾಸಿ ವೀಸಾದ ಮಿತಿಯೊಳಗೆ, ಇಲ್ಲಿನ ಮನೆ ಹಾಗೆಯೇ ಇಟ್ಟುಕೊಂಡು. ಠೇವಣಿ ಕಟ್ಟಿ ಹಾಕಬೇಕಾಗಿಲ್ಲ, ತೆರಿಗೆಯ ಗೋಜಲು ಕಡಿಮೆ, ಬೇಡವೆನಿಸಿದರೆ ಮರುವರ್ಷ ಬೇರೆ ಊರು.

ಒಂದು ಎಚ್ಚರಿಕೆ. ವೀಸಾ ನಿಯಮ ಆಗಾಗ ಬದಲಾಗುತ್ತದೆ. ಥಾಯ್ಲೆಂಡ್ ನಮಗೆ ವೀಸಾ ಇಲ್ಲದೆ ಮೊದಲು 30 ದಿನ ಕೊಟ್ಟಿತು, 2024ರಲ್ಲಿ ಅದನ್ನು 60 ಮಾಡಿತು, ಆಮೇಲೆ ಮತ್ತೆ ಇಳಿಸುವ ಮಾತು ಎದ್ದಿತು. ಟಿಕೆಟ್ ತೆಗೆಯುವ ವಾರ ಆ ದೇಶದ ರಾಯಭಾರ ಕಚೇರಿಯ ಪುಟವನ್ನೇ ನೋಡಿ. ಇ-ವೀಸಾಕ್ಕೆ ಸರಕಾರಿ ತಾಣವನ್ನೇ ಹೋಲುವ ಖಾಸಗಿ ತಾಣಗಳು ಮೂರು ನಾಲ್ಕು ಪಟ್ಟು ಹಣ ಕೀಳುತ್ತವೆ. ಹುಡುಕಿದಾಗ ಮೇಲೆ ಬರುವ ಜಾಹೀರಾತನ್ನು ಒತ್ತಬೇಡಿ.

ಮೂರನೇ ಹೆಜ್ಜೆ: ದೇಶವನ್ನಲ್ಲ, ಊರನ್ನು ಆರಿಸಿ, ಊರಿನ ಜೊತೆ ತಿಂಗಳನ್ನೂ

‘ಥಾಯ್ಲೆಂಡ್ ಚೆನ್ನಾಗಿದೆ’ ಎಂಬ ಮಾತಿನಿಂದ ಪ್ರಯೋಜನವಿಲ್ಲ. ಯಾವ ಊರು, ಯಾವ ತಿಂಗಳು? ಚಿಯಾಂಗ್ ಮಾಯ್ ನವೆಂಬರ್, ಡಿಸೆಂಬರಿನಲ್ಲಿ ಹಿತವಾದ ಚಳಿಯ ಊರು. ಅದೇ ಊರಿಗೆ ಫೆಬ್ರವರಿಯಿಂದ ಏಪ್ರಿಲ್ ನಡುವೆ ಹೋದರೆ ಸುತ್ತಲ ಹೊಲ, ಕಾಡು ಸುಡುವ ಹೊಗೆ ಕಣಿವೆಯಲ್ಲಿ ನಿಂತುಬಿಡುತ್ತದೆ. ಉಬ್ಬಸ ಇರುವವರು ಆ ತಿಂಗಳಲ್ಲಿ ಅಲ್ಲಿ ಇರಲೇಬಾರದು. ವಿಯೆಟ್ನಾಂನ ದಾ ನಾಂಗ್ ಕಡಲೂರು. ಅಕ್ಟೋಬರ್, ನವೆಂಬರಿನಲ್ಲಿ ಜಡಿಮಳೆ, ಚಂಡಮಾರುತದ ಕಾಲ. ಮಾರಿಷಸ್‌ಗೆ ಚಂಡಮಾರುತ ಬರುವುದು ನವೆಂಬರಿನಿಂದ ಮೇ ನಡುವೆ.

ಶ್ರೀಲಂಕಾಕ್ಕೆ ಎರಡು ಮಳೆಗಾಲ. ನಮ್ಮ ಹಾಗೆ ಮೇಯಿಂದ ಸೆಪ್ಟೆಂಬರ್ ತನಕ ನೈಋತ್ಯ ಮಳೆ ಕೊಲಂಬೊ, ಗಾಲ್ ಕಡೆ ಸುರಿಯುತ್ತದೆ. ಡಿಸೆಂಬರಿನಿಂದ ಫೆಬ್ರವರಿ ತನಕ ಈಶಾನ್ಯದ ಮಳೆ ಟ್ರಿಂಕೋಮಲಿ ಕಡೆ. ಅಂದರೆ ಡಿಸೆಂಬರಿನಲ್ಲಿ ಹೋಗುವವರಿಗೆ ಪಡುವಣ, ದಕ್ಷಿಣದ ತೀರ ಸರಿ, ಜುಲೈಯಲ್ಲಿ ಹೋಗುವವರಿಗೆ ಮೂಡಣ ತೀರ. ದಕ್ಷಿಣ ಕನ್ನಡ, ಉಡುಪಿಯಿಂದ ಮುಂಬಯಿಗೆ ಬಂದವರಿಗೆ ಶ್ರೀಲಂಕಾ ಬಹಳ ಬೇಗ ಒಗ್ಗುತ್ತದೆ. ಕೆಂಪು ಕುಚ್ಚಲಕ್ಕಿ ಅನ್ನ, ಸೇಮಿಗೆಯಂತಹ ಇಡಿಯಪ್ಪ, ತೆಂಗಿನಕಾಯಿ ಇಲ್ಲದ ಅಡುಗೆಯೇ ಇಲ್ಲ. ಸಸ್ಯಾಹಾರಿಗಳು ಮಾತ್ರ ತಟ್ಟೆಯ ಮೂಲೆಯಲ್ಲಿರುವ ಕೆಂಪು ಕಾಯಿ ಚಟ್ನಿಯ ಬಗ್ಗೆ ವಿಚಾರಿಸಬೇಕು. ‘ಪೋಲ್ ಸಂಬೋಲ್’ ಅನ್ನುತ್ತಾರೆ. ನೋಡಲು ನಮ್ಮ ಮನೆಯ ಚಟ್ನಿಯೇ. ಒಣಗಿಸಿದ ಮಾಲ್ದೀವ್ ಮೀನನ್ನು ಪುಡಿಮಾಡಿ ಅದಕ್ಕೆ ಬೆರೆಸುವುದು ಅಲ್ಲಿನ ವಾಡಿಕೆ. ಥಾಯ್ ಮತ್ತು ವಿಯೆಟ್ನಾಂ ಅಡುಗೆಯಲ್ಲಿ ಮೀನಿನ ಸಾಸ್ ಬಹುತೇಕ ಎಲ್ಲದರಲ್ಲೂ ಇರುತ್ತದೆ, ಬರೀ ತರಕಾರಿ ಪಲ್ಯದಲ್ಲೂ. ಥಾಯ್ಲೆಂಡಿನಲ್ಲಿ ‘ಜೇ’, ವಿಯೆಟ್ನಾಂನಲ್ಲಿ ‘ಚಾಯ್’ ಎಂದು ಬೋರ್ಡು ಇರುವ ಅಂಗಡಿ ಹುಡುಕಿ. ಅದು ಬೌದ್ಧ ಸಸ್ಯಾಹಾರ.

ಮಲೇಷ್ಯಾದ ಪೆನಾಂಗ್‌ನಲ್ಲಿ ಈ ಕಷ್ಟ ಇಲ್ಲ. ತಮಿಳರ ಬಾಳೆಲೆ ಊಟ, ದೋಸೆ, ಒಳ್ಳೆಯ ಆಸ್ಪತ್ರೆಗಳು, ಇಂಗ್ಲಿಷ್ ಬಲ್ಲ ಜನ. ಕಾಯಂ ವೀಸಾ ದುಬಾರಿ ಅಂದೆನಲ್ಲ, ಒಂದು ತಿಂಗಳ ವಾಸಕ್ಕೆ ಅದು ಬೇಕಾಗಿಯೇ ಇಲ್ಲ: 2023ರ ಡಿಸೆಂಬರಿನಿಂದ ಭಾರತೀಯರನ್ನು ಅವರು 30 ದಿನ ವೀಸಾ ಇಲ್ಲದೆ ಬಿಡುತ್ತಿದ್ದಾರೆ. ಮಾರಿಷಸ್ ಮುಂಬಯಿಯವರಿಗೆ ಇನ್ನೊಂದು ಕಾರಣಕ್ಕೆ ಹತ್ತಿರ. ಕೊಂಕಣದಿಂದ ಹೋದ ಮರಾಠಿಗರ ವಂಶದವರು ಅಲ್ಲಿದ್ದಾರೆ, ಶಿವರಾತ್ರಿಗೆ ಗಂಗಾ ತಲಾವ್ ಎಂಬ ಪವಿತ್ರ ಕೆರೆಗೆ ಜನ ನಡೆದು ಹೋಗುತ್ತಾರೆ. ಆದರೆ ದಿನಸಿಯಲ್ಲಿ ಬಹಳಷ್ಟು ಹಡಗಿನಲ್ಲಿ ಬರಬೇಕು, ಆದ್ದರಿಂದ ಅದು ಅಗ್ಗದ ಊರಲ್ಲ.

ನಾಲ್ಕನೇ ಹೆಜ್ಜೆ: ಸುರಕ್ಷತೆಯನ್ನು ಮೂರು ಕಡೆಯಿಂದ ಅಳೆಯಿರಿ

ಜಾಗತಿಕ ಶಾಂತಿ ಸೂಚ್ಯಂಕ ಪ್ರತಿ ವರ್ಷ ಬರುತ್ತದೆ, 2008ರಿಂದ ಐಸ್‌ಲೆಂಡ್ ಅದರ ತುದಿಯಲ್ಲಿದೆ. ಅದೊಂದು ಒಟ್ಟು ಅಂದಾಜು ಅಷ್ಟೇ. ಯುದ್ಧ, ಸೇನೆಯ ಖರ್ಚು ಎಲ್ಲ ಸೇರಿಸಿ ಮಾಡಿದ್ದು. ನಿಮ್ಮ ಬೀದಿಯಲ್ಲಿ ಸಂಜೆ ಏಳಕ್ಕೆ ನಡೆಯಬಹುದೇ ಎಂದು ಅದು ಹೇಳುವುದಿಲ್ಲ. ಆದ್ದರಿಂದ ಮೊದಲು ನಮ್ಮ ವಿದೇಶಾಂಗ ಸಚಿವಾಲಯದ ಸೂಚನೆ ನೋಡಿ. ಆಮೇಲೆ ಬ್ರಿಟನ್ ಅಥವಾ ಆಸ್ಟ್ರೇಲಿಯಾ ಸರಕಾರದ ಪ್ರಯಾಣ ಸಲಹೆ ಓದಿ. ಅವರು ಜಿಲ್ಲೆ ಜಿಲ್ಲೆಗೂ ಬೇರೆ ಬೇರೆ ಬರೆಯುತ್ತಾರೆ. ಥಾಯ್ಲೆಂಡ್, ಕಾಂಬೋಡಿಯಾ ಗಡಿಯಲ್ಲಿ 2025ರ ಜುಲೈಯಲ್ಲಿ ಗುಂಡಿನ ಕಾಳಗವೇ ನಡೆಯಿತು. ಆಗ ಚಿಯಾಂಗ್ ಮಾಯ್ ಶಾಂತವಾಗಿಯೇ ಇತ್ತು. 2025ರ ಸೆಪ್ಟೆಂಬರಿನಲ್ಲಿ ಕಾಠ್ಮಂಡುವಿನಲ್ಲಿ ಗಲಭೆ ಎದ್ದು ವಿಮಾನ ನಿಲ್ದಾಣವನ್ನೇ ಮುಚ್ಚಬೇಕಾಯಿತು. ನೇಪಾಳದಿಂದ ಸೋನೌಲಿ ಗಡಿಯ ಮೂಲಕ ರಸ್ತೆಯಲ್ಲೂ ಹಿಂದಿರುಗಬಹುದು ಎಂಬುದನ್ನು ತಿಳಿದಿರುವುದು ಇಂಥ ಹೊತ್ತಿಗೆ ಬೇಕಾಗುತ್ತದೆ.

ಅಗ್ಗ ಯಾಕೆ ಆಯಿತು ಎಂದೂ ಕೇಳಬೇಕು. 2022ರಲ್ಲಿ ಶ್ರೀಲಂಕಾ ರೂಪಾಯಿ ಕುಸಿದಾಗ ಹೊರಗಿನವರಿಗೆ ಎಲ್ಲ ಅಗ್ಗವಾಗಿ ಕಂಡಿತು. ಆದರೆ ಪೆಟ್ರೋಲ್ ಇರಲಿಲ್ಲ, ಅಡುಗೆ ಅನಿಲಕ್ಕೆ ಸಾಲು, ಔಷಧಿಗೆ ಕೊರತೆ. ಹಾಗೆ ಬಂದ ಅಗ್ಗಕ್ಕೆ ಆಸೆಪಡಬಾರದು.

ಹಿರಿಯರಿಗೆ ಆಗ್ನೇಯ ಏಷ್ಯಾದಲ್ಲಿ ಕಳ್ಳರಿಗಿಂತ ದೊಡ್ಡ ಅಪಾಯ ರಸ್ತೆ. ಥಾಯ್ಲೆಂಡಿನಲ್ಲಿ ದ್ವಿಚಕ್ರ ಅಪಘಾತದ ಸಾವು ಬಹಳ. ಬಾಡಿಗೆ ಸ್ಕೂಟರ್ ಮುಟ್ಟಬೇಡಿ. ನಮ್ಮ ಆರ್‌ಟಿಒ ಕೊಡುವ ಅಂತರರಾಷ್ಟ್ರೀಯ ಚಾಲನಾ ಪರವಾನಗಿ ರಸ್ತೆ ಸಂಚಾರದ 1949ರ ಜಿನೀವಾ ಒಪ್ಪಂದದ್ದು. ವಿಯೆಟ್ನಾಂ 1968ರ ವಿಯೆನ್ನಾ ಒಪ್ಪಂದದ್ದನ್ನಷ್ಟೇ ಒಪ್ಪುತ್ತದೆ. ಹಾಗೆ ಓಡಿಸಿ ಬಿದ್ದರೆ ವಿಮೆ ಕಂಪನಿ ಕೈ ಎತ್ತುತ್ತದೆ.

ತುರ್ತು ಸಂಖ್ಯೆಗಳನ್ನು ಫೋನಿನಲ್ಲಿ ಉಳಿಸಿದ್ದು ಸಾಲದು, ಕಾಗದದಲ್ಲೂ ಇರಲಿ: ಥಾಯ್ಲೆಂಡಿನಲ್ಲಿ ಆಂಬುಲೆನ್ಸ್ 1669, ಪ್ರವಾಸಿ ಪೊಲೀಸ್ 1155, ಶ್ರೀಲಂಕಾದಲ್ಲಿ ಆಂಬುಲೆನ್ಸ್ 1990, ಭಾರತದ ನೆರವಿನಿಂದ ಶುರುವಾದ ಉಚಿತ ಸೇವೆ ಅದು, ವಿಯೆಟ್ನಾಂನಲ್ಲಿ ಆಂಬುಲೆನ್ಸ್ 115.

ಐದನೇ ಹೆಜ್ಜೆ: ವಿಮೆಯ ಸಣ್ಣ ಅಕ್ಷರಗಳು

ಇಲ್ಲಿ ನೀವು ಹತ್ತಾರು ವರ್ಷ ಕಟ್ಟಿದ ಆರೋಗ್ಯ ವಿಮೆ ಹೊರದೇಶದಲ್ಲಿ ಸಾಮಾನ್ಯವಾಗಿ ನಡೆಯುವುದಿಲ್ಲ. ಪ್ರವಾಸ ವಿಮೆ ಬೇರೆ ಬೇಕು, ಅದನ್ನು ಹೊರಡುವ ಮೊದಲೇ ತೆಗೆಯಬೇಕು. ಏಜೆಂಟರಲ್ಲಿ ನೇರವಾಗಿ ಕೇಳಿ: ನನ್ನ ಬಿಪಿ, ಸಕ್ಕರೆ ಕಾಯಿಲೆಯಿಂದ ತೊಂದರೆ ಬಂದರೆ ಎಷ್ಟು ಕೊಡುತ್ತೀರಿ? ಹಲವು ಪಾಲಿಸಿಗಳು ಹಳೆಯ ಕಾಯಿಲೆಗೆ ಪ್ರಾಣಾಪಾಯದ ಹಂತದಲ್ಲಿ ಮಾತ್ರ, ಅದೂ ಸಣ್ಣ ಮೊತ್ತ ಕೊಡುತ್ತವೆ. ಎಷ್ಟು ವಯಸ್ಸಿನವರೆಗೆ, ಒಂದು ಪ್ರಯಾಣಕ್ಕೆ ಗರಿಷ್ಠ ಎಷ್ಟು ದಿನ, ರೋಗಿಯನ್ನು ವಿಮಾನದಲ್ಲಿ ಮುಂಬಯಿಗೆ ತರುವ ಖರ್ಚು ಸೇರಿದೆಯೇ, ಸಾವು ಸಂಭವಿಸಿದರೆ ದೇಹ ತರುವ ಖರ್ಚು ಇದೆಯೇ? ಕೊನೆಯದನ್ನು ಕೇಳಲು ಮನಸ್ಸು ಹಿಂಜರಿಯುತ್ತದೆ, ಆದರೂ ಕೇಳಲೇಬೇಕು. ಇರುವ ಕಾಯಿಲೆಯನ್ನು ಅರ್ಜಿಯಲ್ಲಿ ಮುಚ್ಚಿಡಬೇಡಿ. ಕ್ಲೇಮು ತಿರಸ್ಕರಿಸಲು ಅದೊಂದೇ ಸಾಕು.

ಆರನೇ ಹೆಜ್ಜೆ: ಒಂದು ತಿಂಗಳು ಅಲ್ಲಿಯವರ ಹಾಗೆ ಇದ್ದು ನೋಡಿ

ಮೊದಲ ವಾರ ಸಾಧಾರಣ ಹೋಟೆಲ್, ಆಮೇಲೆ ಮೂರು ವಾರ ಅಡುಗೆಮನೆ ಇರುವ ಬಾಡಿಗೆ ಮನೆ. ಮುಂಗಡ ಪೂರ್ತಿ ಕಟ್ಟಿ ಹೋಗಬೇಡಿ. ಮನೆ ನೋಡಲು ಹೋದಾಗ ನಲ್ಲಿ ತಿರುಗಿಸಿ, ಶೌಚಾಲಯದ ನೆಲ ಜಾರುತ್ತದೆಯೇ ನೋಡಿ, ಲಿಫ್ಟ್ ಕೆಟ್ಟರೆ ಎಷ್ಟು ಮೆಟ್ಟಿಲು ಎಂದು ಎಣಿಸಿ. ರಾತ್ರಿ ಒಮ್ಮೆ ಹೋಗಿ ನೋಡಿ. ಹಗಲು ಶಾಂತವಾಗಿದ್ದ ಬೀದಿ ರಾತ್ರಿ ಬಾರುಗಳ ಬೀದಿ ಆಗಿರಬಹುದು.

ಮೊದಲ ವಾರದಲ್ಲೇ ಹತ್ತಿರದ ಆಸ್ಪತ್ರೆಗೆ ಕಾಯಿಲೆ ಇಲ್ಲದೆಯೇ ಹೋಗಿ. ಮನೆಯಿಂದ ಎಷ್ಟು ನಿಮಿಷ ಎಂದು ನೋಡಿಕೊಳ್ಳಿ. ಕೌಂಟರಿನಲ್ಲಿ ಇಂಗ್ಲಿಷ್ ಮಾತಾಡುವವರಿದ್ದಾರೆಯೇ, ನಿಮ್ಮ ವಿಮೆ ಕಂಪನಿಯ ಕ್ಯಾಶ್‌ಲೆಸ್ ನಡೆಯುತ್ತದೆಯೇ ಎಂದು ವಿಚಾರಿಸಿ, ಒಂದು ರಕ್ತ ಪರೀಕ್ಷೆ ಮಾಡಿಸಿ ಬಿಲ್ಲು ನೋಡಿ. ದೇಹದ ಲೆಕ್ಕದ ಹಾಳೆಯಲ್ಲಿ ಬರೆದ ಔಷಧಿಗಳಲ್ಲಿ ಎರಡನ್ನು ಅಲ್ಲಿನ ಮೆಡಿಕಲ್ ಅಂಗಡಿಯಲ್ಲಿ ಕೊಂಡು ನೋಡಿ. ಭಾರತದಲ್ಲಿ ಔಷಧಿ ಅಗ್ಗ; ಹಲವು ದೇಶಗಳಲ್ಲಿ ಅದೇ ಮಾತ್ರೆಗೆ ಮೂರು ಪಟ್ಟು ಕೊಟ್ಟರೂ ಆಶ್ಚರ್ಯವಿಲ್ಲ.

ದಿನದ ಖರ್ಚನ್ನು ಪ್ರತಿ ರಾತ್ರಿ ಬರೆದಿಡಿ. ಕೊನೆಯ ವಾರದ ಖರ್ಚನ್ನು ನಾಲ್ಕರಿಂದ ಗುಣಿಸಿದರೆ ನಿಜವಾದ ತಿಂಗಳ ಖರ್ಚು ಸಿಗುತ್ತದೆ, ಏಕೆಂದರೆ ಅಷ್ಟರಲ್ಲಿ ನೋಡುವ ಜಾಗಗಳು ಮುಗಿದು ಬರೀ ಬದುಕು ಉಳಿದಿರುತ್ತದೆ. ಆ ವಾರ ನಿಮಗೆ ಬೇಸರ ಬಂತೇ? ಇಬ್ಬರೂ ಬೇರೆ ಬೇರೆಯಾಗಿ ಉತ್ತರ ಕೊಡಬೇಕು. ನಮ್ಮ ಸೊಸೈಟಿಯ ಒಬ್ಬರು ಬಹಳ ಖುಷಿಯಿಂದ ವರ್ಷವಿಡೀ ಅಲ್ಲೇ ಇರೋಣ ಎಂದಾಗ ಅವರ ಹೆಂಡತಿ, “ನಿಮಗೇನ್ರೀ, ಪೇಪರ್ ಓದ್ಕೊಂಡು ಕೂರ್ತೀರಿ. ನನಗೆ ಮಾತಾಡೋಕೆ ಒಬ್ಬರು ಬೇಡ್ವಾ?” ಅಂದರು. ಈಗ ಅವರು ವರ್ಷಕ್ಕೊಮ್ಮೆ ಅಷ್ಟೇ ಹೋಗುತ್ತಾರೆ, ಒಂದು ಜೋಡಿಯ ಬದಲು ಎರಡು ಜೋಡಿ ಸೇರಿ. ನನಗೆ ಆ ಏರ್ಪಾಡು ಬಹಳ ಹಿಡಿಸಿತು.

ಈ ಪರೀಕ್ಷೆ ಎರಡು ಬಾರಿ ಆಗಲಿ, ಒಮ್ಮೆ ಒಳ್ಳೆಯ ಋತುವಿನಲ್ಲಿ, ಒಮ್ಮೆ ಮಳೆಯಲ್ಲೋ ಸೆಕೆಯಲ್ಲೋ. ಅಲ್ಲಿಯ ತನಕ ಮನೆ ಕೊಳ್ಳುವ ಮಾತು ಬೇಡ. ಥಾಯ್ಲೆಂಡಿನಲ್ಲಿ ವಿದೇಶಿಯರು ಭೂಮಿ ಕೊಳ್ಳುವಂತಿಲ್ಲ. ಕಟ್ಟಡದ ಒಟ್ಟು ವಿಸ್ತೀರ್ಣದ ಶೇಕಡಾ 49ರವರೆಗೆ ಮಾತ್ರ ವಿದೇಶಿಯರ ಹೆಸರಿಗೆ ಫ್ಲಾಟ್ ಇರಬಹುದು. ಸ್ಥಳೀಯರ ಹೆಸರಿನಲ್ಲಿ ಕೊಳ್ಳೋಣ ಎನ್ನುವ ದಲ್ಲಾಳಿಯಿಂದ ದೂರವಿರಿ.

ಏಳನೇ ಹೆಜ್ಜೆ: ಹಣ ಮತ್ತು ಮುಂಬಯಿಯ ಫ್ಲಾಟು

ರಿಸರ್ವ್ ಬ್ಯಾಂಕಿನ ಉದಾರೀಕೃತ ರವಾನೆ ಯೋಜನೆಯಡಿ ಒಬ್ಬರು ಒಂದು ಆರ್ಥಿಕ ವರ್ಷದಲ್ಲಿ 2,50,000 ಡಾಲರ್ ತನಕ ಕಳಿಸಬಹುದು. 2025ರ ಏಪ್ರಿಲ್‌ನಿಂದ ವರ್ಷಕ್ಕೆ 10 ಲಕ್ಷ ರೂಪಾಯಿ ದಾಟಿದ ರವಾನೆಗೆ ಬ್ಯಾಂಕ್ ಟಿಸಿಎಸ್, ಅಂದರೆ ಮೂಲದಲ್ಲೇ ವಸೂಲಿ ಮಾಡುವ ತೆರಿಗೆ, ಹಿಡಿಯುತ್ತದೆ. ಪ್ಯಾಕೇಜ್ ಟೂರಿಗೆ ನಿಯಮ ಬೇರೆ. ಹಿಡಿದ ಹಣ ರಿಟರ್ನ್ ಸಲ್ಲಿಸಿದಾಗ ತೆರಿಗೆಗೆ ಜಮೆ ಆಗುತ್ತದೆ, ಆದರೆ ಅಲ್ಲಿಯ ತನಕ ಕೈಯಲ್ಲಿರುವುದಿಲ್ಲ. ಸಾಮಾನ್ಯವಾಗಿ ಪ್ರಯಾಣಕ್ಕೆ ನೋಟಿನ ರೂಪದಲ್ಲಿ 3,000 ಡಾಲರ್ ತನಕ ಒಯ್ಯಬಹುದು, ಉಳಿದದ್ದು ಕಾರ್ಡಿನಲ್ಲಿ. ಎರಡು ಬೇರೆ ಬ್ಯಾಂಕಿನ ಕಾರ್ಡು ಇರಲಿ, ಒಂದು ಕೋಣೆಯಲ್ಲೇ ಉಳಿಯಲಿ. ಎಟಿಎಂ ‘ರೂಪಾಯಿಯಲ್ಲಿ ಲೆಕ್ಕ ಹಾಕಲೇ’ ಎಂದು ಕೇಳಿದರೆ ಬೇಡ ಎನ್ನಿ. ಅಲ್ಲಿನ ಹಣದಲ್ಲೇ ಆಗಲಿ, ಇಲ್ಲವಾದರೆ ಕೆಟ್ಟ ದರ ಬೀಳುತ್ತದೆ. ನೇಪಾಳ, ಭೂತಾನ್, ಶ್ರೀಲಂಕಾ, ಮಾರಿಷಸ್‌ಗಳ ಹಲವು ಅಂಗಡಿಗಳಲ್ಲಿ ಯುಪಿಐ ನಡೆಯುತ್ತದೆ. ಭಾರತದ ಸಿಮ್‌ಗೆ ರೋಮಿಂಗ್ ಹಾಕಿಸದೆ ಹೊರಡಬೇಡಿ. ಓಟಿಪಿ ಬರದಿದ್ದರೆ ನಿಮ್ಮ ಹಣ ನಿಮಗೇ ಸಿಗದು.

ಫ್ಲಾಟಿನ ವಿಷಯ. ಒಂದೆರಡು ತಿಂಗಳಿಗೆ ಹೋಗುವವರು ಬೀಗ ಹಾಕಿ ಹೋಗಿ. ಮಳೆಗಾಲವಾದರೆ ಕಪಾಟು ಬೂಸಲು ಹಿಡಿಯದಂತೆ ವಾರಕ್ಕೊಮ್ಮೆ ಕಿಟಕಿ ತೆರೆಯಲು ನಂಬಿಕಸ್ಥರಿಗೆ ಕೀಲಿ ಕೊಡಿ. ಬಾಡಿಗೆಗೆ ಕೊಡುವುದಾದರೆ ಮಹಾರಾಷ್ಟ್ರದಲ್ಲಿ ಲೀವ್ ಅಂಡ್ ಲೈಸೆನ್ಸ್ ಕರಾರು ನೋಂದಣಿ ಕಡ್ಡಾಯ, 11 ತಿಂಗಳದ್ದಾದರೂ. ಕಾಯಂ ಹೋಗಿ ಅನಿವಾಸಿ ಆದರೆ ಬಾಡಿಗೆದಾರ ಬಾಡಿಗೆಯಿಂದ ಸುಮಾರು ಶೇಕಡಾ 30ರ ದರದಲ್ಲಿ ಟಿಡಿಎಸ್, ಅಂದರೆ ಮೂಲದಲ್ಲೇ ಹಿಡಿಯುವ ತೆರಿಗೆ, ಕಡಿಯಬೇಕು. ಇದು ತಿಳಿಯದೆ ಇಬ್ಬರೂ ನೋಟಿಸು ಪಡೆಯುತ್ತಾರೆ. ಉಳಿತಾಯ ಖಾತೆ ಅನಿವಾಸಿಗಳ ಎನ್‌ಆರ್‌ಒ ಖಾತೆ ಆಗಬೇಕು, ಹಿರಿಯ ನಾಗರಿಕರ ಉಳಿತಾಯ ಯೋಜನೆಯಲ್ಲಿ ಹೊಸದಾಗಿ ಹಣ ಇಡಲು ಬರುವುದಿಲ್ಲ. ಇನ್ನೊಂದು ಕಡೆ, ಥಾಯ್ಲೆಂಡಿನಲ್ಲಿ ವರ್ಷಕ್ಕೆ 180 ದಿನ ಇದ್ದರೆ ನೀವು ಅಲ್ಲಿನ ತೆರಿಗೆ ನಿವಾಸಿ. 2024ರಿಂದ ಹೊರಗಿನ ಆದಾಯವನ್ನು ಒಳಗೆ ತಂದರೆ ಅದಕ್ಕೂ ತೆರಿಗೆ ಲೆಕ್ಕವಿದೆ. ಆರು ತಿಂಗಳಿಗಿಂತ ಹೆಚ್ಚು ಇರುವ ಯೋಚನೆ ಇದ್ದವರು ಹೊರಡುವ ಮೊದಲೇ ಸಿಎ ಒಬ್ಬರಲ್ಲಿ ಒಂದು ಗಂಟೆ ಕೂತು ಮಾತಾಡಿ.

ಪೆಟ್ಟಿಗೆ ಕಟ್ಟುವಾಗ

ದುಬೈ ಅಥವಾ ಸಿಂಗಾಪುರ ದಾರಿಯಾಗಿ ಹೋಗುವವರು ಪೆಟ್ಟಿಗೆಯಲ್ಲಿ ಗಸಗಸೆ ಇಡಬೇಡಿ. ಪಾಯಸಕ್ಕೆಂದು ಅಮ್ಮ ಕಟ್ಟಿಕೊಟ್ಟ ಪೊಟ್ಟಣ ಅಲ್ಲಿ ಮಾದಕ ವಸ್ತುವಿನ ಪ್ರಕರಣವಾಗುತ್ತದೆ. ಒಣ ಕೊಬ್ಬರಿಯನ್ನು ಬೆಂಕಿ ಹಿಡಿಯುವ ವಸ್ತು ಎಂದು ವಿಮಾನದಲ್ಲಿ ಬಿಡುವುದಿಲ್ಲ. ನಿದ್ದೆ ಮಾತ್ರೆ, ಕೊಡೀನ್ ಇರುವ ಕೆಮ್ಮಿನ ಔಷಧಿ, ಟ್ರಮಡಾಲ್ ಇರುವ ನೋವಿನ ಮಾತ್ರೆ ಇದ್ದರೆ ಆ ದೇಶದ ಅನುಮತಿ ಬೇಕೇ ಎಂದು ಮೊದಲೇ ನೋಡಿ. ಎಲ್ಲ ಔಷಧಿಗೂ ಡಾಕ್ಟರರ ಲೆಟರ್‌ಹೆಡ್ಡಿನ ಚೀಟಿ ಜೊತೆಗಿರಲಿ. ಪರಿಚಯವಿಲ್ಲದವರ ಪಾರ್ಸೆಲ್, ಎಷ್ಟೇ ಸಣ್ಣದಾದರೂ, ಮುಟ್ಟಬೇಡಿ.

ಮನೆಯಲ್ಲಿ ಬಿಟ್ಟು ಹೋಗಬೇಕಾದ ಕಡತ

ಪಾಸ್‌ಪೋರ್ಟ್, ವಿಮೆ, ಟಿಕೆಟಿನ ಪ್ರತಿಗಳು, ಅಲ್ಲಿನ ಮನೆಯ ವಿಳಾಸ, ಭಾರತದ ರಾಯಭಾರ ಕಚೇರಿಯ ತುರ್ತು ಸಂಖ್ಯೆ, ಬ್ಯಾಂಕ್ ಖಾತೆಗಳ ಪಟ್ಟಿ, ಉಯಿಲು ಎಲ್ಲಿದೆ ಎಂಬ ಚೀಟಿ ಇವೆಲ್ಲ ಒಂದು ಕಡತದಲ್ಲಿ ಮಗನ, ಮಗಳ ಅಥವಾ ಹತ್ತಿರದ ನೆಂಟರ ಕೈಯಲ್ಲಿ ಇರಲಿ. ಖಾತೆಗಳು ಗಂಡ ಹೆಂಡತಿ ಯಾರು ಬೇಕಾದರೂ ನಡೆಸುವ ಜಂಟಿ ಖಾತೆಗಳಾಗಲಿ. ಪೆನ್ಷನ್ ಪಡೆಯುವವರು ನವೆಂಬರಿನ ಜೀವನ್ ಪ್ರಮಾಣ್, ಅಂದರೆ ಬದುಕಿದ್ದೇವೆ ಎಂಬ ಪ್ರಮಾಣಪತ್ರ, ಮರೆಯಬಾರದು. ಮುಖ ಗುರುತಿಸುವ ಆ್ಯಪ್ ಮೂಲಕ ಫೋನಿನಲ್ಲೇ ಮಾಡಬಹುದು, ಆದರೆ ಮೊದಲ ಸಲ ಮುಂಬಯಿಯಲ್ಲಿರುವಾಗಲೇ ಮಾಡಿ ಅಭ್ಯಾಸ ಮಾಡಿಕೊಳ್ಳಿ. ಹೊರದೇಶದಲ್ಲಿ ತೊಂದರೆಯಾಗಿ ಸ್ಥಳೀಯವಾಗಿ ಬಗೆಹರಿಯದಿದ್ದರೆ ವಿದೇಶಾಂಗ ಸಚಿವಾಲಯದ ‘ಮದದ್’ ತಾಣದಲ್ಲಿ ದೂರು ದಾಖಲಿಸಬಹುದು, ಅದರ ಲಾಗಿನ್ ಕೂಡ ಹೊರಡುವ ಮೊದಲೇ ತೆರೆದಿಡಿ.

ಪಾಸ್‌ಪೋರ್ಟಿನ ಅವಧಿ ಹಿಂದಿರುಗುವ ದಿನಕ್ಕೂ ಆರು ತಿಂಗಳು ಮುಂದೆ ಇರಬೇಕು. ಇಲ್ಲದಿದ್ದರೆ ಮಲಾಡ್, ಲೋವರ್ ಪರೇಲ್ ಅಥವಾ ಠಾಣೆಯ ಸೇವಾ ಕೇಂದ್ರದಲ್ಲಿ ಮೊದಲು ನವೀಕರಣಕ್ಕೆ ದಿನ ಹಿಡಿಯಿರಿ. ಪೊಲೀಸ್ ತನಿಖೆ ಬಂದರೆ ಇಬ್ಬರೂ ಊರಲ್ಲಿರಬೇಕಾಗುತ್ತದೆ. ಡಿಸೆಂಬರಿನಲ್ಲಿ ಹೊರಡುವವರು ಗಣಪತಿ ಹಬ್ಬ ಮುಗಿದ ಕೂಡಲೇ ಈ ಕೆಲಸಕ್ಕೆ ಕೈ ಹಾಕಿದರೆ ವಿಮೆ, ವೀಸಾ, ಟಿಕೆಟಿಗೆ ಸಮಯ ಉಳಿಯುತ್ತದೆ.